ಅಂಚಿನ ಹೊಲಿಗೆ

ಜುಲೈ. ಸೊಳ್ಳೆ. ಮೂರು ಗಂಟೆ ಕಾರಿನಲ್ಲಿ
ಭೂರ್ಜ, ಭೂರ್ಜ, ಕೆರೆ, ಮತ್ತೆ ಭೂರ್ಜ.
ಇನ್ನು ಹದಿನೈದು ಕಿಲೋಮೀಟರಿಗೆ ರಷ್ಯಾ;
ಅಷ್ಟು ದೂರ ರಸ್ತೆ ಹೋಗುವುದಿಲ್ಲ.
ಹಳೆಯ ಶಾಲೆಯನ್ನೇ ಯುದ್ಧದ ಮ್ಯೂಸಿಯಂ ಮಾಡಿದ್ದಾರೆ.
ಗಂಟೆಯ ಕೊಕ್ಕೆ ಹಾಗೇ ಇದೆ, ಗಂಟೆ ಇಲ್ಲ.

ಟಿಕೆಟಿನ ಕಿಟಕಿಯಲ್ಲಿ ಕಾಲುಚೀಲ ಹೆಣೆಯುತ್ತಿದ್ದ ಹುಡುಗಿ
ಅಜ್ಜಿಯನ್ನು ನೋಡಿ ಎದ್ದು ನಿಂತಳು:
‘ಯೋಧರ ವಿಧವೆಯರಿಗೆ ಉಚಿತ.’
‘ವಿಧವೆ ಹೌದಮ್ಮ. ಆದರೆ ನನ್ನವನು ಟಪಾಲು ಹಂಚುತ್ತಿದ್ದ.
ಯುದ್ಧಕ್ಕೆ ಹೋದದ್ದು ಅಪ್ಪ.’
ಹುಡುಗಿ ದರಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು.
ಮಗಳಿಗೆ ಎಷ್ಟೆಂದು ಯಾರೂ ಬರೆದಿರಲಿಲ್ಲ.
ಅಜ್ಜಿ ಪರ್ಸು ತೆರೆದು ಪೂರ್ತಿ ದುಡ್ಡು ಎಣಿಸಿದಳು
ನಾಣ್ಯ ನಾಣ್ಯವಾಗಿ,
ಹಿಂದೆ ಜರ್ಮನ್ ಪ್ರವಾಸಿಗಳು ನಿಟ್ಟುಸಿರಿಡುತ್ತಿದ್ದರೂ.

ವೇಟಿಗೆ ಎಂಟು ವರ್ಷ. ಟ್ಯಾಂಕು ಬೇಕು.
ಇದ್ದದ್ದು ಒಂದು ಫಿರಂಗಿ, ಅದನ್ನೂ ಹತ್ತಬಾರದು.
‘ಅಪ್ಪಾ, ಯಾರು ಗೆದ್ದರು?’
ಇಸ್ಮೊ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ.
‘ಸೋತೆವು. ಆದರೆ ಉಳಿದುಕೊಂಡೆವು.’
‘ಅಂದರೆ ಡ್ರಾ?’
ಇಸ್ಮೊ ನನ್ನ ಕಡೆ ನೋಡಿದ.
ನಾನು ಫಿರಂಗಿಯ ಕಡೆ ನೋಡಿದೆ.

ಒಳಗೆ, ಒಂದನೇ ತರಗತಿಯಲ್ಲಿ, ಸ್ಕೀ, ಹಿಮಬಂಡಿ,
ಮುರಿದ ಚಮಚ, ಮತ್ತೊಂದು ರೈ ರೊಟ್ಟಿ:
ಎಂಬತ್ತು ವರ್ಷ ಹಳೆಯದು, ಹಲ್ಲಿನ ಗುರುತು ಸಮೇತ.
‘ಯಾಕೆ ಪೂರ್ತಿ ತಿನ್ನಲಿಲ್ಲ?’ ಎಂದ ವೇಟಿ.
ಇದಕ್ಕೂ ಯಾರ ಬಳಿಯೂ ಉತ್ತರವಿರಲಿಲ್ಲ.

ಮೂಲೆಯ ಗಾಜಿನೊಳಗೆ ಬಿಳಿಯಂಗಿ,
ಹಿಮದಲ್ಲಿ ಕಾಣದಂತೆ ಸೈನಿಕರು ತೊಡುತ್ತಿದ್ದದ್ದು.
ಬಟ್ಟೆಯಂಗಡಿಯಿಂದ ತಂದ ಹೆಣ್ಣುಗೊಂಬೆಗೆ ತೊಡಿಸಿ
ತುಟಿಯ ಬಣ್ಣ ಕಾಣದಿರಲೆಂದು ಟೋಪಿಯನ್ನು ಮೂಗಿನವರೆಗೆ ಎಳೆದಿದ್ದಾರೆ.
ಆದರೂ ಕಾಣುತ್ತಿತ್ತು.

ಅಜ್ಜಿ ಗಾಜಿಗೆ ಹಣೆ ತಾಗಿಸಿದಳು.
‘ಇದು ಹಾಸಿಗೆಯ ಬಟ್ಟೆ.’

ಅಮ್ಮ ಮದುವೆಗೆಂದು ನೆಯ್ದದ್ದು ಹನ್ನೆರಡು.
ಆ ಡಿಸೆಂಬರಿನಲ್ಲಿ ಒಬ್ಬ ಹಿಮಬಂಡಿ ತಂದು
ಮನೆ ಮನೆಗೂ ಬಿಳಿ ಕೇಳಿದ. ಅಮ್ಮ ಏಳು ಕೊಟ್ಟಳು.
ಊಟದ ಮೇಜಿನ ಮೇಲೆ ಕತ್ತರಿ ಓಡುವಾಗ
ನಾಲ್ಕು ವರ್ಷದ ಹಿಲ್ಕ ಬಟ್ಟೆಯ ತುದಿ ಹಿಡಿದಿದ್ದಳು,
ಗಟ್ಟಿಯಾಗಿ, ಬೆರಳು ಬೆಳ್ಳಗಾಗುವಷ್ಟು.
ಆ ಚಳಿಗಾಲವಿಡೀ ಬರಿಯ ಹುಲ್ಲಿನ ಹಾಸಿಗೆ;
ತೊಡೆಯೆಲ್ಲ ತುರಿಕೆ.
ಅವಳಿಗೆ ಯುದ್ಧವೆಂದರೆ ನೆನಪಿರುವುದು ಅದೇ, ತುರಿಕೆ.

‘ಅಂಚು ನೋಡಜ್ಜಿ, ಕೆಂಪು ನೂಲಿನಲ್ಲಿ ಅಕ್ಷರವಿದೆ.’
ಒಂದು ಸವೆದುಹೋಗಿದೆ. ಇನ್ನೊಂದು ಎಲ್ ಇರಬಹುದು,
ಐ ಕೂಡ ಇರಬಹುದು.
‘ನಿನ್ನಮ್ಮ ಲೂಲಿಯದೇ?’
‘ನಮ್ಮೂರ ಹೆಂಗಸರೆಲ್ಲರ ಕೈಯೂ ಒಂದೇ.
ಒಬ್ಬಳೇ ಟೀಚರು ಎಲ್ಲರಿಗೂ ಕಲಿಸಿದ್ದು.’
ಎರಡು ಹೆಜ್ಜೆ ಹೋದವಳು ಹಿಂದಿರುಗಿದಳು:
‘ಅಮ್ಮ ಮೂಲೆಗೆ ಗಂಟು ಹಾಕುತ್ತಿರಲಿಲ್ಲ,
ಹಿಂದಕ್ಕೆ ಮೂರು ಸಲ ಹೊಲಿದು ಬಿಟ್ಟುಬಿಡುತ್ತಿದ್ದಳು.’
ಎಂಬತ್ತೆಂಟರ ಮಂಡಿಯೂರಿ, ನನ್ನ ತೋಳು ಹಿಡಿದು,
ನೆಲದ ಮಟ್ಟಕ್ಕೆ ಕಣ್ಣಿಳಿಸಿದಳು.
ಆ ಮೂಲೆ ಗೊಂಬೆಯ ಬೂಟಿನೊಳಗೆ ಹೋಗಿತ್ತು.

ಹುಡುಗಿಯನ್ನು ಕರೆಯಲೇ, ಗಾಜು ತೆಗೆಸಲೇ ಎಂದೆ.
ಬೇಡವೆಂದು ಲಂಗದ ಧೂಳು ಕೊಡವಿಕೊಂಡಳು.

ಅಷ್ಟರಲ್ಲಿ ಟ್ರಿಣ್ ಎಂದಿತು ಗೋಡೆ ಬದಿಯ ರಣರಂಗದ ಫೋನು.
ಹಿಡಿ ತಿರುಗಿಸಿದರೆ ನಾಲ್ಕನೇ ತರಗತಿಯಿಂದ
ಒಂದನೇ ತರಗತಿಗೆ ಮಾತಾಡಬಹುದು, ಮಕ್ಕಳಿಗೆ ಅನುಮತಿಯಿದೆ.
ಅಜ್ಜಿ ಎತ್ತಿದಳು. ವೇಟಿಯ ಕೂಗು
ನನಗೂ ಕೇಳಿಸಿತು, ಫೋನಿನಿಂದಲ್ಲ, ಪಡಸಾಲೆಯಿಂದ:
‘ಸುತ್ತುವರಿದಿದ್ದೇವೆ! ಶರಣಾಗಿ! ಯಾರು ಮಾತಾಡುವುದು?’

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಆಮೇಲೆ, ನಾನು ಎಂದೂ ಕೇಳಿರದ ಎಳೆಯ ದನಿಯಲ್ಲಿ,
‘ಹಿಲ್ಕ.
ಕಾಫಿ ಕಾಯ್ದಿದೆ. ಬೂಟು ಬಾಗಿಲಲ್ಲೇ ಬಿಚ್ಚಿ ಬಾ.’

ಪಡಸಾಲೆಯಲ್ಲಿ ಸದ್ದು ನಿಂತಿತು.
ಬಂದ ಅವನು, ಎರಡೂ ಶೂ ಕೈಯಲ್ಲಿ,
ಒಂದು ಕಾಲುಚೀಲ ತೂತು,
ಕಾಫಿ ಎಲ್ಲಿ ಎಂದು ಹುಡುಕುತ್ತ.